ಸಾಮಾನ್ಯ ಗಣಕಯಂತ್ರದಲ್ಲಿ ಸಂಗೀತದ ಧ್ವನಿಮುದ್ರಣ: ಸಾಧ್ಯವೇ? ಸಾಕೇ?

ನಾದವು ಹುಟ್ಟಿದ ಕ್ಷಣದಲ್ಲಿಯೇ ಅಳಿಯತೊಡಗುವ ವಸ್ತು. ಶಿಲ್ಪಿಯ ಕೃತಿ ಶತಮಾನಗಳನ್ನು ದಾಟಿ ನಿಲ್ಲುತ್ತದೆ. 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಪ್ರತಿಷ್ಠೆಗೊಂಡ ಗೊಮ್ಮಟನ ಮೂರ್ತಿ ಇಂದಿಗೂ ಮಳೆ ಬಿಸಿಲುಗಳಿಗೆ ಅಂಜದೆ ನಿಂತಿದೆ. ಕವಿಯ ಕೃತಿ ಓಲೆಗರಿಯಿಂದ ಕಾಗದಕ್ಕೂ ಕಾಗದದಿಂದ ಅಚ್ಚಿಗೂ ಇಳಿದು ತಲೆಮಾರುಗಳನ್ನು ತಲುಪುತ್ತದೆ. ಆದರೆ ಹಾಡುವವನ ಕಂಠ ಅವನ ಉಸಿರಿನೊಡನೆಯೇ ಮುಗಿಯುತ್ತದೆ. ಅದನ್ನು ಹಿಡಿದಿಡುವ ಉಪಾಯ ಮನುಷ್ಯನಿಗೆ ದೊರೆತದ್ದು 1877ರಲ್ಲಿ, ಎಡಿಸನ್ನನ ಫೋನೋಗ್ರಾಫಿನೊಡನೆ.

ಅದೇ ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಾಯಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದವರು. ಕನ್ನಡ ಸಾಹಿತ್ಯದಲ್ಲಿ ಮುದ್ದಣನೆಂದು ಪ್ರಸಿದ್ಧರು. 'ರತ್ನಾವತೀ ಕಲ್ಯಾಣ', 'ಕುಮಾರವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದ ಅವರು 1901ರಲ್ಲಿ, ಮೂವತ್ತೊಂದರ ಎಳೆಯ ಪ್ರಾಯದಲ್ಲಿ ತೀರಿಕೊಂಡರು. ಮರುವರ್ಷ, 1902ರ ನವೆಂಬರಿನಲ್ಲಿ, ಗ್ರಾಮೊಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ತಟ್ಟೆಯಲ್ಲಿ ಮುದ್ರಿಸಿದನು. ಮುದ್ದಣನ ಪದಗಳು ಗ್ರಂಥದಲ್ಲಿ ಉಳಿದಿವೆ. ಆ ಪದಗಳನ್ನು ಅಂದಿನ ಭಾಗವತರು ಯಾವ ಮಟ್ಟಿನಲ್ಲಿ, ಯಾವ ನಡೆಯಲ್ಲಿ ಹಾಡುತ್ತಿದ್ದರೆಂಬುದು ಮಾತ್ರ ಕಿವಿಯಿಂದ ಕಿವಿಗೆ ಬಂದಷ್ಟೇ ಉಳಿದಿದೆ. ಅಂದು ಯಂತ್ರವಿರಲಿಲ್ಲ, ಆದುದರಿಂದ ಅಂದಿನವರನ್ನು ದೂರುವಂತಿಲ್ಲ. ಇಂದು ಯಂತ್ರ ಮನೆಮನೆಯಲ್ಲಿದೆ. ಇಂದಿನ ದನಿಗಳೂ ಹಾಗೆಯೇ ಅಳಿದುಹೋದರೆ ಅದಕ್ಕೆ ಕೊಡಬಹುದಾದ ಸಮಾಧಾನ ಯಾವುದು?

ಹೀಗಿರುವಾಗ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸಂಗೀತಾಸಕ್ತರ ನಡುವೆ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದು ವಿಚಾರಕ್ಕೆ ಯೋಗ್ಯವಾಗಿದೆ. ಮನೆಯಲ್ಲಿಯೋ ಶಾಲೆಯಲ್ಲಿಯೋ ಇರುವ ಸಾಧಾರಣ ಬೆಲೆಯ, ನಾಲ್ಕಾರು ವರ್ಷ ಹಳೆಯದಾದ ಗಣಕಯಂತ್ರ ಸಂಗೀತದ ಧ್ವನಿಮುದ್ರಣಕ್ಕೆ ಸಾಕಾದೀತೇ? ಅಥವಾ ಲಕ್ಷಗಟ್ಟಲೆ ವೆಚ್ಚದ ಹೊಸ ಯಂತ್ರವೂ ಸ್ಟುಡಿಯೋವೂ ಒದಗುವವರೆಗೆ ಕಾಯಬೇಕೇ? ಯಂತ್ರ ಧಾರಾಳವಾಗಿ ಸಾಕು ಎಂಬುದೇ ಇದಕ್ಕೆ ಸರಿಯಾದ ಉತ್ತರ. ಸಾಲದಿರುವುದು ಬೇರೆ ಕೆಲವು: ನಿಶ್ಶಬ್ದವಾದ ಕೋಣೆ, ಒಳ್ಳೆಯ ಮೈಕು, ಪಳಗಿದ ಕಿವಿ, ಮುದ್ರಿಸಿದ್ದನ್ನು ಜೋಪಾನವಾಗಿ ಕಾಯ್ದಿಡುವ ಶಿಸ್ತು. ಈ ನಾಲ್ಕರ ಕೊರತೆಯನ್ನು ಯಂತ್ರದ ತಲೆಗೆ ಕಟ್ಟುವುದು ಕುಣಿಯಲಾರದವಳು ನೆಲ ಡೊಂಕೆಂದ ಗಾದೆಯನ್ನು ನೆನಪಿಸುತ್ತದೆ.

ಹಿಂದಿನ ದಾರಿ

ಈ ಭಾಗದ ಕಲಾವಿದನಿಗೆ ಧ್ವನಿಮುದ್ರಣವೆಂಬುದು ಬಹುಕಾಲ ದೂರದ ಮಾತಾಗಿತ್ತು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದಾಗ ಉಡುಪಿಯ ಗಾಯಕನಿಗೆ ಅದು ಸುಮಾರು ಅರವತ್ತು ಕಿಲೋಮೀಟರುಗಳಷ್ಟು ಹತ್ತಿರ ಬಂದಂತಾಯಿತು. ಅನಂತರ ಕ್ಯಾಸೆಟ್ಟಿನ ಕಾಲ ಬಂದಿತು. ಯಕ್ಷಗಾನ ಪ್ರಸಂಗಗಳು, ತಾಳಮದ್ದಳೆಗಳು, ಭಜನೆಗಳು ಧ್ವನಿಸುರುಳಿಗಳಲ್ಲಿ ಅಡಕವಾಗಿ ಅಂಗಡಿ ಅಂಗಡಿಗಳಲ್ಲಿ ಮಾರಾಟವಾದವು. ರಂಗಸ್ಥಳದ ಬದಿಯಲ್ಲಿ ಸಣ್ಣ ಟೇಪ್ ರೆಕಾರ್ಡರನ್ನು ಮಡಿಲಲ್ಲಿಟ್ಟು ಇರುಳಿಡೀ ಕುಳಿತ ಅಭಿಮಾನಿಗಳಿಂದಲೂ ಅಮೂಲ್ಯವಾದ ಸಂಗ್ರಹಗಳು ಬೆಳೆದವು.

ಸಂಸ್ಥೆಗಳೂ ಹಿಂದೆ ಬೀಳಲಿಲ್ಲ. 1949ರಲ್ಲಿ ಸ್ಥಾಪಿತವಾದ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ತಲೆಯೆತ್ತಿತು, ಪ್ರೊಫೆಸರ್ ಕು. ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ ಅದೇ ಆವರಣದಲ್ಲಿ ಬೆಳೆದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಫೋರ್ಡ್ ಪ್ರತಿಷ್ಠಾನದ ನೆರವಿನೊಡನೆ ಕರಾವಳಿಯ ಆಚರಣೆಗಳನ್ನೂ ಹಾಡುಗಳನ್ನೂ ಧ್ವನಿ ಹಾಗೂ ದೃಶ್ಯ ಸುರುಳಿಗಳಲ್ಲಿ ದಾಖಲಿಸಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೋ, ಪ್ರೊಫೆಸರ್ ವಿವೇಕ ರೈ ಹಾಗೂ ಪ್ರೊಫೆಸರ್ ಚಿನ್ನಪ್ಪ ಗೌಡರ ಸಹಕಾರದಿಂದ, ನೆರೆಯ ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ದಾಖಲಿಸಿದರು. ಅದರಲ್ಲಿದ್ದ ಸಾಲುಗಳು 15,683. ಅದು ಅಚ್ಚಾಗಿ ಹೊರಬಂದದ್ದು 1998ರಲ್ಲಿ.

ಈ ಎರಡು ಇಸವಿಗಳ ನಡುವಿನ ಅಂತರ ಗಮನಾರ್ಹವಾದುದು. ಹಾಡನ್ನು ಹಿಡಿಯಲು ಕೆಲವೇ ದಿನಗಳು ಸಾಕಾದವು. ಹಿಡಿದುದನ್ನು ಕೇಳಿ, ಬರೆದು, ಅರ್ಥೈಸಿ, ಭಾಷಾಂತರಿಸಿ ಲೋಕದ ಮುಂದಿಡಲು ಎಂಟು ವರ್ಷಗಳು ಹಿಡಿದವು. ಆ ಮಹತ್ಕಾರ್ಯ ನಡೆದದ್ದು ಸ್ಟುಡಿಯೋದ ಗಾಜಿನ ಗೋಡೆಗಳೊಳಗೆ ಅಲ್ಲ. ಯಂತ್ರವೇ ಹಾಡುಗಾರನ ನೆರೆಗೆ ಹೋಯಿತು. ಅಂದು ಆ ಯಂತ್ರಗಳನ್ನು ಕೊಳ್ಳಲು ವಿದೇಶೀ ವಿದ್ವತ್ಸಂಸ್ಥೆಗಳ ಬೆಂಬಲ ಬೇಕಾಯಿತು. ಇಂದು ಅದಕ್ಕೆ ಸಮನಾದ ಶಕ್ತಿ ಹಳ್ಳಿಯ ಶಾಲೆಯ ಮೇಜಿನ ಮೇಲಿದೆ.

ಯಂತ್ರದ ಲೆಕ್ಕ

ಈ ಮಾತು ಉತ್ಪ್ರೇಕ್ಷೆಯಲ್ಲವೆಂಬುದನ್ನು ಸರಳವಾದ ಲೆಕ್ಕದಿಂದ ತೋರಿಸಬಹುದು. ಗಣಕಯಂತ್ರವು ಧ್ವನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕೆಗಳ ರೂಪದಲ್ಲಿ ಬರೆದುಕೊಳ್ಳುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಕ್ರಮದಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ. ಪ್ರತಿಯೊಂದು ಅಳತೆಗೂ 16 ಬಿಟ್, ಅಂದರೆ ಎರಡು ಬೈಟ್ ಸ್ಥಳ ಬೇಕು. ಎಡ ಬಲಗಳೆರಡಕ್ಕೂ ಸೇರಿಸಿದರೆ ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಹತ್ತೂವರೆ ಮೆಗಾಬೈಟಿನಷ್ಟಾಗುತ್ತದೆ. ಮನುಷ್ಯನ ಕಿವಿ ಗ್ರಹಿಸಬಲ್ಲ ಅತ್ಯುಚ್ಚ ಸ್ವರ ಸೆಕೆಂಡಿಗೆ ಸುಮಾರು 20,000 ಕಂಪನಗಳದ್ದು. ಯಾವ ಕಂಪನವನ್ನಾದರೂ ಹಿಡಿಯಲು ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಸಾಕೆಂಬುದು ಶಾಸ್ತ್ರನಿಯಮ. ಆದಕಾರಣ ಕಿವಿಗೆ ಕೇಳುವುದೆಲ್ಲವೂ ಈ ಲೆಕ್ಕದಲ್ಲಿಯೇ ಅಡಗುತ್ತದೆ.

ಇನ್ನೂ ಎಚ್ಚರಿಕೆಯಿಂದ, ಸೆಕೆಂಡಿಗೆ 48,000 ಅಳತೆ, 24 ಬಿಟ್ ಕ್ರಮದಲ್ಲಿ ಎರಡು ಮೈಕುಗಳಿಂದ ಮುದ್ರಿಸಿದರೂ ಗಂಟೆಯೊಂದಕ್ಕೆ ತಗಲುವುದು ಒಂದು ಗಿಗಾಬೈಟಿಗಿಂತ ತುಸು ಹೆಚ್ಚು. ಎಂಟು ಗಂಟೆಗಳ ಬಯಲಾಟ ಎಂಟೂಕಾಲು ಗಿಗಾಬೈಟಿನಲ್ಲಿ ಮುಗಿಯುತ್ತದೆ. ಒಂದು ಟೆರಾಬೈಟಿನ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಅಂತಹ ನೂರಿಪ್ಪತ್ತು ಇರುಳುಗಳ ಆಟ ಹಿಡಿಯುತ್ತದೆ. ಏಕಕಾಲಕ್ಕೆ ಎಂಟು ಮೈಕುಗಳಿಂದ ಮುದ್ರಿಸಿದರೂ ಸೆಕೆಂಡಿಗೆ ಬರೆಯಬೇಕಾದದ್ದು ಒಂದು ಮೆಗಾಬೈಟಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಹಳೆಯ ಕಾಲದ ತಿರುಗುವ ಡಿಸ್ಕು ಕೂಡ ಸೆಕೆಂಡಿಗೆ ಹತ್ತಾರು ಮೆಗಾಬೈಟ್ ಬರೆಯಬಲ್ಲುದು. ಎತ್ತಿನ ಗಾಡಿಗೆ ಹುಲ್ಲಿನ ಹೊರೆಯೊಂದನ್ನು ಹೇರಿದಷ್ಟೇ ಭಾರ ಇದು.

ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆ ನೆನಪಿರಬಹುದು. ದೇಶದ ಆಯ್ದ ಶಾಲೆಗಳಿಗೆ ಆಗ ಬಿಬಿಸಿ ಮೈಕ್ರೊ ಎಂಬ ಗಣಕಯಂತ್ರಗಳನ್ನು ಒದಗಿಸಲಾಗಿತ್ತು. ಅದರ ಸ್ಮೃತಿಕೋಶ 32 ಕಿಲೋಬೈಟಿನದು. ಮೇಲೆ ಹೇಳಿದ ಕಾಂಪ್ಯಾಕ್ಟ್ ಡಿಸ್ಕಿನ ಗುಣಮಟ್ಟದಲ್ಲಿ ಆ ಸ್ಮೃತಿಯಷ್ಟನ್ನೂ ತುಂಬಿದರೆ ಸೆಕೆಂಡಿನ ಐದನೆಯ ಒಂದು ಪಾಲು ಧ್ವನಿಗೂ ಸ್ಥಳ ಸಾಲದು; ಚಂಡೆಯ ಒಂದು ಪೆಟ್ಟು ಬಿದ್ದು ಮೊಳಗು ಮುಗಿಯುವ ಮೊದಲೇ ಯಂತ್ರ ತುಂಬಿಹೋಗುತ್ತಿತ್ತು. ಅಂದು 'ಸಾಧ್ಯವಿಲ್ಲ' ಎಂದವರ ಮಾತು ಸತ್ಯವಾಗಿತ್ತು. ಇಂದು ಬಡ ಯಂತ್ರವೆಂದು ಮೂಲೆಗೆ ಸರಿಸಿದ, ನಾಲ್ಕು ಗಿಗಾಬೈಟ್ ಸ್ಮೃತಿಯ ಗಣಕಯಂತ್ರವೂ ಅದಕ್ಕಿಂತ 1,31,072 ಪಟ್ಟು ದೊಡ್ಡದು. ಕಾಲ ಬದಲಾದರೂ 'ಸಾಧ್ಯವಿಲ್ಲ' ಎಂಬ ಮಾತು ಮಾತ್ರ ಬದಲಾಗದೆ ಉಳಿದಿರುವುದು ಸೋಜಿಗ.

ಇನ್ನೊಂದು ಸಂಗತಿಯೂ ಇಲ್ಲಿ ಪ್ರಸ್ತುತ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳು ಅನೇಕ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ನಿರುಪಯೋಗಿಗಳೆನಿಸಿವೆ. ಮಣಿಪಾಲದಂತಹ ವಿದ್ಯಾನಗರದಲ್ಲಿ ಇಂತಹ ಯಂತ್ರಗಳು ಅಗ್ಗದ ಬೆಲೆಗೆ ಕೈ ಬದಲಾಯಿಸುವುದು ಸಹಜ. ಅಂತರಜಾಲದ ಸಂಪರ್ಕ ಕಡಿದು ಧ್ವನಿಮುದ್ರಣಕ್ಕೆಂದೇ ಮೀಸಲಿಟ್ಟರೆ ಅವು ಇನ್ನೂ ಹಲವು ವರ್ಷ ದುಡಿಯಬಲ್ಲವು. ಲಿನಕ್ಸ್ ಅಳವಡಿಸಿಕೊಂಡರೆ ಇನ್ನೂ ಒಳ್ಳೆಯದು. 2000ದಿಂದ ಉಚಿತವಾಗಿ ದೊರೆಯುತ್ತಿರುವ ಅಡಾಸಿಟಿ ತಂತ್ರಾಂಶವಾಗಲಿ, ಅನೇಕ ಪಥಗಳ ಮುದ್ರಣಕ್ಕೆ ಒದಗುವ ಆರ್ಡರ್ ಆಗಲಿ ಇಂತಹ ಯಂತ್ರಗಳಲ್ಲಿ ನಡೆಯುವಂಥವೇ.

ಎಲ್ಲಿ ಸಾಲದು?

ನ್ಯಾಯವಾಗಿ ಹೇಳಬೇಕಾದರೆ ಸಾಧಾರಣ ಯಂತ್ರ ಸೋಲುವ ಸಂದರ್ಭಗಳೂ ಇವೆ. ವಾದ್ಯಗಳನ್ನು ನುಡಿಸದೆ, ಅವುಗಳ ಧ್ವನಿಗಳನ್ನು ಗಣಕಯಂತ್ರದಿಂದಲೇ ಹೊರಡಿಸಿ ದೊಡ್ಡ ವಾದ್ಯವೃಂದವನ್ನು ಕಟ್ಟುವ ಕ್ರಮ ಈಗ ಬಳಕೆಯಲ್ಲಿದೆ. ಅದಕ್ಕೆ ಬೇಕಾಗುವ ಧ್ವನಿಭಂಡಾರಗಳು ಹತ್ತಾರು ಗಿಗಾಬೈಟಿನವು. ಅಂತಹ ಕೆಲಸಕ್ಕೆ ನಾಲ್ಕು ಗಿಗಾಬೈಟ್ ಸ್ಮೃತಿಯ ಯಂತ್ರ ಖಂಡಿತವಾಗಿ ಸಾಲದು. ಆದರೆ ಮದ್ದಳೆಗಾರನೂ ಚಂಡೆಯವನೂ ಕೊಳಲಿನವನೂ ಊರಿನಲ್ಲಿಯೇ ಇರುವಾಗ ಅವರ ಧ್ವನಿಯ ಅನುಕರಣೆಯನ್ನು ಹಣ ಕೊಟ್ಟು ತರುವ ಅಗತ್ಯ ಈ ಸೀಮೆಗೆ ಬಂದಿಲ್ಲ.

ಎರಡನೆಯ ತೊಡಕು ವಿಳಂಬದ್ದು. ಹಾಡಿದ ಸ್ವರ ಯಂತ್ರದೊಳಗೆ ಹೊಕ್ಕು ಹಾಡುವವನ ಹೆಡ್‌ಫೋನಿಗೆ ಮರಳುವಾಗ ತುಸು ತಡವಾಗುತ್ತದೆ. ಯಂತ್ರ ನಿಧಾನವಾದಷ್ಟೂ ಒಮ್ಮೆಗೆ ಹೆಚ್ಚು ಅಳತೆಗಳನ್ನು ಕೂಡಿಹಾಕಿಕೊಂಡು ಮುಂದೆ ಸಾಗಬೇಕಾಗುತ್ತದೆ. 48,000ದ ಕ್ರಮದಲ್ಲಿ ಒಮ್ಮೆಗೆ 256 ಅಳತೆಗಳಾದರೆ ವಿಳಂಬ ಸೆಕೆಂಡಿನ ಸಾವಿರದ ಐದು ಪಾಲು. 1,024 ಆದರೆ ಸಾವಿರದ ಇಪ್ಪತ್ತೊಂದು ಪಾಲು. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಎರಡನೆಯದು ಏಳು ಮೀಟರ್ ದೂರದಲ್ಲಿ ನಿಂತವನ ದನಿ ಕೇಳಿದಂತೆ. ಲಯಬದ್ಧವಾದ ಹಾಡಿಕೆಗೆ ಇದು ಕಿರಿಕಿರಿಯೇ ಸರಿ. ಆದರೆ ಮೈಕಿನ ಧ್ವನಿಯನ್ನು ಯಂತ್ರದೊಳಕ್ಕೆ ಕಳುಹಿಸುವ ಮುನ್ನವೇ ನೇರವಾಗಿ ಕೇಳಿಸುವ ಸೌಕರ್ಯ ಸಾಮಾನ್ಯ ಆಡಿಯೋ ಇಂಟರ್‌ಫೇಸುಗಳಲ್ಲಿಯೂ ಇದೆ. ಅಲ್ಲದೆ ಭಾಗವತರೂ ಹಿಮ್ಮೇಳದವರೂ ಒಟ್ಟಿಗೆ ಕುಳಿತು, ಪರಸ್ಪರರ ಮುಖ ನೋಡುತ್ತ ಹಾಡುವಾಗ ಹೆಡ್‌ಫೋನಿನ ಹಂಗೇ ಬೇಡ. ಈ ನಾಡಿನ ಸಂಗೀತ ಹುಟ್ಟಿದ್ದೇ ಹಾಗೆ.

ಕೋಣೆ, ಮೈಕು, ಕಿವಿ

ನಿಜವಾದ ಕಷ್ಟ ಯಂತ್ರದ ಹೊರಗಿದೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಿಂದ ಬೀಸುವ ಗಾಳಿ, ಬಿಡದೆ ಮೊರೆಯುವ ಕಡಲು ಒಂದು ಕಡೆ. ಊರಿನ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರ ವಾಹನಗಳ ಸದ್ದು ಮತ್ತೊಂದು ಕಡೆ. ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಹಗಲು ಹೊತ್ತು ನಿಶ್ಶಬ್ದವನ್ನು ನಿರೀಕ್ಷಿಸುವುದು ವ್ಯರ್ಥ. ವಿಟ್ಲಪಿಂಡಿಯ ದಿನ ಹುಲಿವೇಷಗಳ ತಾಸೆ ಡೋಲುಗಳು ಮೊಳಗುವಾಗ ಮನೆಯೊಳಗೆ ವೀಣೆ ನುಡಿಸಿ ಮುದ್ರಿಸಲು ಯಾವ ಸ್ಟುಡಿಯೋದವನೂ ಮುಂದಾಗನು.

ಮಳೆಯಂತೂ ಈ ಸೀಮೆಯ ದೊಡ್ಡ ವಾದ್ಯ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ತಗಡಿನ ಮಾಡಿನ ಕೆಳಗೆ ಆಷಾಢದಲ್ಲಿ ಮುದ್ರಿಸಿದರೆ ಹಾಡಿಗಿಂತ ಮಳೆಯೇ ಹೆಚ್ಚು ಕೇಳಿಸುತ್ತದೆ. ಪತ್ತನಾಜೆಯ ಬಳಿಕ ಬಯಲಾಟಗಳು ನಿಂತು ಕಲಾವಿದರು ಬಿಡುವಾಗುವ ಕಾಲವೂ ಇದೇ, ಮಳೆ ಹಿಡಿಯುವ ಕಾಲವೂ ಇದೇ. ಆದುದರಿಂದ ತಗಡಿನ ಮಾಡನ್ನು ತೊರೆದು ಆರ್‌ಸಿಸಿ ಛಾವಣಿಯ ಒಳಕೋಣೆಯನ್ನು ಆರಿಸುವುದು, ಕಿಟಕಿಗೆ ಹಾಸಿಗೆಯನ್ನು ಒತ್ತಿಡುವುದು, ಗೋಡೆಗೆ ಕಂಬಳಿಯನ್ನು ಇಳಿಬಿಡುವುದು, ಪುಸ್ತಕ ತುಂಬಿದ ಕಪಾಟುಗಳಿರುವ ಗ್ರಂಥಾಲಯವನ್ನು ರಜಾ ದಿನದ ರಾತ್ರಿ ಬಳಸುವುದು ಮುಂತಾದ ಸುಲಭೋಪಾಯಗಳಿಂದ ಆಗುವ ಲಾಭ ಹೊಸ ಗಣಕಯಂತ್ರದಿಂದ ಆಗಲಾರದು. ಬರಿಗೋಡೆಯ ತರಗತಿಯ ಕೋಣೆಯಲ್ಲಿ ದನಿ ಮಾರ್ದನಿಗೊಂಡು ಕಲಸಿಹೋಗುತ್ತದೆ. ಒಮ್ಮೆ ಸೇರಿದ ಆ ಮಾರ್ದನಿಯನ್ನು ಅನಂತರ ಸಂಪೂರ್ಣವಾಗಿ ತೆಗೆಯುವುದು ಯಾವ ಯಂತ್ರಕ್ಕೂ ಸುಲಭವಲ್ಲ.

ಗಣಕಯಂತ್ರದೊಡನೆ ಬರುವ ಚಿಕ್ಕ ಮೈಕು ಮಾತುಕತೆಗಾಗಿ ಮಾಡಿದ್ದು. ಎಡೆಬಿಡದೆ ಒಂದೇ ಸಮನೆ ಕೇಳುವ ಸದ್ದನ್ನು ಫ್ಯಾನಿನ ಗದ್ದಲವೆಂದು ಬಗೆದು ಅಡಗಿಸುವ ವ್ಯವಸ್ಥೆ ಅದರಲ್ಲಿರುತ್ತದೆ. ಸಂಗೀತದ ಪ್ರಾಣವೆನಿಸಿದ ಶ್ರುತಿಯೂ ಎಡೆಬಿಡದ ಸದ್ದೇ ಆಗಿರುವುದರಿಂದ ಅದನ್ನೂ ಗದ್ದಲವೆಂದೇ ತಿಳಿದು ನುಂಗಿಬಿಡುತ್ತದೆ. ಮೆಲ್ಲಗೆ ಹಾಡಿದಾಗ ಧ್ವನಿಯನ್ನು ತಾನಾಗಿಯೇ ಏರಿಸಿ, ಎತ್ತರಿಸಿ ಹಾಡಿದಾಗ ಇಳಿಸಿ, ಗಾಯನದ ಏರಿಳಿತವನ್ನೆಲ್ಲ ಸಪಾಟುಗೊಳಿಸುವುದೂ ಉಂಟು. ಈ ವ್ಯವಸ್ಥೆಗಳನ್ನು ಆರಿಸಿ, ಪ್ರತ್ಯೇಕ ಮೈಕನ್ನು ಇಂಟರ್‌ಫೇಸಿನ ಮೂಲಕ ಜೋಡಿಸುವುದು ಅವಶ್ಯ. ಯುಎಸ್‌ಬಿ ತಂತಿಯನ್ನು ಐದು ಮೀಟರಿಗಿಂತ ಉದ್ದವಾಗಿ ಎಳೆಯುವಂತಿಲ್ಲ; ಮೈಕಿನ ತಂತಿಯನ್ನಾದರೋ ಹತ್ತಾರು ಮೀಟರ್ ಎಳೆಯಬಹುದು. ಆಗ ಹಾಡುವವರು ಚಾವಡಿಯಲ್ಲಿ, ಫ್ಯಾನು ಗುರುಗುಟ್ಟುವ ಯಂತ್ರ ಒಳಕೋಣೆಯಲ್ಲಿ ಇರುವುದು ಸಾಧ್ಯ. ಹಳೆಯ ಮನೆಗಳ ವಿದ್ಯುತ್ ಜೋಡಣೆಯಿಂದ ಒಳನುಸುಳುವ ಗುಂಯ್‌ಗುಡುವಿಕೆಯನ್ನು ಮಡಿಲ ಗಣಕವನ್ನು ಬ್ಯಾಟರಿಯಲ್ಲಿಯೇ ನಡೆಸಿ ಬಹುಮಟ್ಟಿಗೆ ತಪ್ಪಿಸಬಹುದು.

ಚಂಡೆಯದು ಪ್ರತ್ಯೇಕ ಶಾಸ್ತ್ರ. ಅದರ ಪೆಟ್ಟಿಗೆ ಮೈಕು ಉಕ್ಕಿ ಹರಿದರೆ ಧ್ವನಿ ಒಡೆಯುತ್ತದೆ. ಒಡೆದ ಧ್ವನಿಯನ್ನು ಮೊದಲಿನಂತೆ ಜೋಡಿಸಲು ಬಾರದು. ಆದುದರಿಂದ ಅತ್ಯಂತ ಗಟ್ಟಿಯಾದ ಉರುಳಿಕೆಯನ್ನು ಮೊದಲೇ ನುಡಿಸಿ ನೋಡಿ, ಅಳತೆಯ ಮುಳ್ಳು ಮೇಲಿನ ಮಿತಿಗಿಂತ ಹನ್ನೆರಡು ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹದಗೊಳಿಸುವುದು ಜಾಣತನ. 24 ಬಿಟ್ ಕ್ರಮದಲ್ಲಿ ಹೀಗೆ ತಗ್ಗಿಸಿದರೂ ಸೂಕ್ಷ್ಮಧ್ವನಿಗಳು ಕಳೆದುಹೋಗುವುದಿಲ್ಲ. ಭಾಗವತರ ಮೈಕಿನ ಬೆನ್ನು ಚಂಡೆಯ ಕಡೆಗಿರುವಂತೆ ಇಡುವುದು, ಮದ್ದಳೆಗೆ ಇನ್ನೊಂದು ಮೈಕು ಕೊಡುವುದು, ಚಂಡೆಯವರನ್ನು ಮೂರು ನಾಲ್ಕು ಮೀಟರ್ ದೂರ ಕುಳ್ಳಿರಿಸಿ ಅದರ ಧ್ವನಿ ತಾನಾಗಿ ಎರಡರಲ್ಲಿಯೂ ಸೇರಲು ಬಿಡುವುದು: ಇಷ್ಟರಿಂದ ಹಿಮ್ಮೇಳದ ಸಮತೋಲನ ದೊರೆಯುತ್ತದೆ. ಇದನ್ನು ನಿರ್ಣಯಿಸಬೇಕಾದದ್ದು ಕಿವಿ. ಆ ಕಿವಿ ಸಂಗೀತ ಶಿಕ್ಷಕರಲ್ಲಿಯೂ ಹವ್ಯಾಸೀ ಕಲಾವಿದರಲ್ಲಿಯೂ ಇದೆ, ಯಂತ್ರದಲ್ಲಿ ಇಲ್ಲ.

ಎರಡು ಆಕ್ಷೇಪಗಳು

ಸ್ಟುಡಿಯೋದ ಪಕ್ಷಪಾತಿಗಳು ಇದನ್ನೊಪ್ಪದೆ, ಮನೆಯ ಮುದ್ರಣವೆಂದೂ ಮನೆಯ ಮುದ್ರಣವೇ ಎನ್ನಬಹುದು. ಅವರ ಮಾತಿನಲ್ಲಿ ಅಂಶಿಕ ಸತ್ಯವಿದೆ. ಚಲನಚಿತ್ರಕ್ಕೆ, ದೊಡ್ಡ ವಾದ್ಯವೃಂದಕ್ಕೆ ಸ್ಟುಡಿಯೋ ಬೇಕು. ಆದರೆ ಅಮೆರಿಕದ ಲಾಸ್ ಏಂಜಲೀಸಿನ ಮನೆಯೊಂದರ ಮಲಗುವ ಕೋಣೆಯಲ್ಲಿ ಅಣ್ಣ ತಂಗಿಯರಿಬ್ಬರು, ಫಿನಿಯಸ್ ಮತ್ತು ಬಿಲ್ಲಿ ಐಲಿಶ್, ಬಹುಪಾಲು ಮುದ್ರಿಸಿದ ಗೀತಸಂಪುಟಕ್ಕೆ 2020ರಲ್ಲಿ ವರ್ಷದ ಶ್ರೇಷ್ಠ ಸಂಪುಟವೆಂಬ ಗ್ರ್ಯಾಮಿ ಪ್ರಶಸ್ತಿ ದೊರೆಯಿತೆಂಬುದನ್ನು ಮರೆಯಲಾಗದು. ಅಲ್ಲದೆ ನಾಟಿಯ ಗದ್ದೆಯಲ್ಲಿ ನೇಜಿ ನೆಡುತ್ತ ಓಬೇಲೆ ಹಾಡುವ ಮುದುಕಿಯನ್ನು ಸ್ಟುಡಿಯೋಕ್ಕೆ ಕರೆದೊಯ್ದು ಹವಾನಿಯಂತ್ರಿತ ಕೋಣೆಯಲ್ಲಿ ನಿಲ್ಲಿಸಿದರೆ ಅವಳ ಹಾಡೇ ಅವಳಿಗೆ ಮರೆತುಹೋದೀತು. ಯಂತ್ರದ ನಾಟಿ ಬಂದ ಮೇಲೆ, ಗದ್ದೆಗಳು ಹಡಿಲು ಬಿದ್ದ ಮೇಲೆ ಆ ಹಾಡುಗಳಿಗೆ ಸಂದರ್ಭವೇ ಇಲ್ಲದಂತಾಗುತ್ತಿದೆ. ಇಂತಹವು ನಿರ್ದೋಷವಾದ ಮುದ್ರಣಕ್ಕಾಗಿ ಕಾಯಲಾರವು.

ಇನ್ನು ಕೆಲವರು, ಮೊಬೈಲ್ ಇರುವಾಗ ಗಣಕಯಂತ್ರವೇ ಏಕೆ ಎನ್ನುವರು. ಮೊಬೈಲಿನಲ್ಲಿ ಹಿಡಿಯಬಹುದು, ಅದಾವುದೂ ಇಲ್ಲದಿದ್ದಾಗ ಹಿಡಿಯಲೇಬೇಕು. ಆದರೆ ಹಿಡಿದದ್ದು ಎಲ್ಲಿ ಹೋಗುತ್ತದೆ? ಫೋನು ತುಂಬಿದಾಗ ಅಳಿಸಲ್ಪಡುತ್ತದೆ. ಫೋನು ಬದಲಾದಾಗ ಕಳೆದುಹೋಗುತ್ತದೆ. ಗುಂಪುಗಳಲ್ಲಿ ಹಂಚಿದಾಗ ಕುಗ್ಗಿ ಕೃಶವಾಗುತ್ತದೆ. ಹಾಡಿದವರು ಯಾರು, ಊರು ಯಾವುದು ಎಂಬುದು ಎರಡನೆಯ ಕೈಯಲ್ಲಿಯೇ ಅಳಿದಿರುತ್ತದೆ. ಹಿಡಿದುದನ್ನು ಕೇಳಿ, ವಿಂಗಡಿಸಿ, ಹೆಸರಿಟ್ಟು, ಪಟ್ಟಿ ಮಾಡಿ ಇಡುವುದಕ್ಕೆ ಗಣಕಯಂತ್ರವೇ ತಕ್ಕ ಸ್ಥಾನ.

ಕಾಯ್ದಿಡುವ ಧರ್ಮ

ಇಲ್ಲಿಯೇ ಸಂಸ್ಥೆಗಳ ಹೊಣೆ ಆರಂಭವಾಗುತ್ತದೆ. ಕರಾವಳಿಯ ಥಂಡಿಗೆ ಬೂಷ್ಟು ಹಿಡಿದ ಧ್ವನಿಸುರುಳಿಗಳು ಎಷ್ಟೋ ಮನೆಗಳ ಅಟ್ಟದ ಮೇಲಿವೆ. ಅವುಗಳನ್ನು ನುಡಿಸಬಲ್ಲ ಯಂತ್ರಗಳೂ, ದುರಸ್ತಿ ಮಾಡಬಲ್ಲ ಕೈಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ತೊಂಬತ್ತು ನಿಮಿಷಗಳ ಸುರುಳಿಯನ್ನು ಗಣಕಯಂತ್ರಕ್ಕೆ ಇಳಿಸಲು ತೊಂಬತ್ತು ನಿಮಿಷಗಳೇ ಬೇಕು, ಅವಸರದ ಮಾರ್ಗವಿಲ್ಲ. ಹೊಸ ಹಾಡನ್ನು ಹಿಡಿಯುವಷ್ಟೇ ಮುಖ್ಯ ಹಳೆಯ ಸುರುಳಿಯನ್ನು ಉಳಿಸುವುದು. ಈ ಕೆಲಸಕ್ಕಂತೂ ಅತಿ ಸಾಮಾನ್ಯ ಯಂತ್ರವೇ ಸಾಕು.

ಮೂಲಪ್ರತಿಯನ್ನು ಕುಗ್ಗಿಸದೆ ವೇವ್ ರೂಪದಲ್ಲಿಯೇ ಇಡಬೇಕು. ಹಂಚುವುದಕ್ಕೆ ಎಂಪಿ3 ಪ್ರತಿ ಸಾಕು. ವೇವ್ ಕಡತ ನಾಲ್ಕು ಗಿಗಾಬೈಟನ್ನು ಮೀರುವಂತಿಲ್ಲವಾದ್ದರಿಂದ, ಇರುಳಿಡೀ ನಡೆಯುವ ಆಟವನ್ನು ಒಂದೇ ಕಡತವಾಗಿ ಮುದ್ರಿಸಹೊರಟರೆ ಸುಮಾರು ನಾಲ್ಕು ಗಂಟೆಗಳಾಗುವಾಗ ಕೆಲಸ ಕೆಡಬಹುದು. ಗಂಟೆಗೊಮ್ಮೆ ಕಡತ ಬದಲಿಸುವುದು ಕ್ಷೇಮ. ಪ್ರತಿಯೊಂದು ಮುದ್ರಣದ ಮೂರು ಪ್ರತಿಗಳಿರಲಿ. ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಲಿ. ಒಂದು ಬೇರೊಂದು ಊರಿನಲ್ಲಿರಲಿ. ಉಡುಪಿಯಲ್ಲಿ ಸಿಡಿಲು ಬಡಿದರೆ ಕಾರ್ಕಳದ ಪ್ರತಿ ಉಳಿಯುತ್ತದೆ. ಹಾಡಿದವರ ಹೆಸರು, ಊರು, ದಿನಾಂಕ, ಪ್ರಸಂಗ, ರಾಗ, ತಾಳ, ಹಿಮ್ಮೇಳದವರು, ಕಲಿಸಿದ ಗುರು ಇವಿಷ್ಟನ್ನು ಬರೆದಿಡದ ಮುದ್ರಣ ಮುಖಪುಟ ಹರಿದ ಗ್ರಂಥದಂತೆ.

ಹಾಡುವವರ ಒಪ್ಪಿಗೆಯನ್ನೂ ಅಲಕ್ಷಿಸಲಾಗದು. ಭಾರತದ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕನಿಗೆ ತನ್ನ ಪ್ರದರ್ಶನದ ಮೇಲೆ ಐವತ್ತು ವರ್ಷಗಳ ಹಕ್ಕಿದೆ. ಕಾಯಿದೆಗಿಂತ ಮಿಗಿಲಾದದ್ದು ಮರ್ಯಾದೆ. ದೈವದ ಪಾಡ್ದನವನ್ನು ಯಾವ ಸಂದರ್ಭದಲ್ಲಿ ಹಾಡಬಹುದು, ಯಾರು ಕೇಳಬಹುದು ಎಂಬುದನ್ನು ಹಾಡುವವರೇ ಹೇಳಬೇಕು. ಅವರು ಬೇಡವೆಂದರೆ ಯಂತ್ರವನ್ನು ಮುಚ್ಚುವುದೇ ಸಜ್ಜನಿಕೆ. ಸಂಭಾವನೆಯನ್ನು ಕೊಟ್ಟು, ಮುದ್ರಣದ ಒಂದು ಪ್ರತಿಯನ್ನು ಅವರ ಮನೆಗೂ ತಲುಪಿಸುವುದು ಸಂಸ್ಥೆಗೆ ಭೂಷಣ.

ವಿದ್ಯಾಸಂಸ್ಥೆಗಳ ಕರ್ತವ್ಯ

ಮಠಮಾನ್ಯಗಳ ಆಶ್ರಯದ ಶಾಲೆಗಳಿಗೆ ಧ್ವನಿಯ ಬೆಲೆ ಹೊಸದಾಗಿ ತಿಳಿಸಬೇಕಾದದ್ದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಕಿವಿಯ ಮೂಲಕವೇ ವಿದ್ಯೆಯನ್ನು ಧಾರೆಯೆರೆದರು. ಅಂತಹ ಮಗುವಿಗೆ ಮುದ್ರಿತ ನಾದವೇ ಗ್ರಂಥ. 1930ರ ದಶಕದಿಂದ ಧ್ವನಿಮುದ್ರಿಕೆಗಳಿಗೆ ಹಾಡತೊಡಗಿದ ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ಅಗಲಿದರು. ಅವರ ಕಂಠ ಅಗಲಲಿಲ್ಲ. ಅವರನ್ನು ಕಾಣದ ತಲೆಮಾರು ಇಂದೂ ಅವರ ವಚನ ಗಾಯನವನ್ನು ಕೇಳುತ್ತಿದೆ. ಆದರೆ ಪ್ರತಿದಿನ ಪ್ರಾರ್ಥನೆ ಹೇಳಿಸಿ ನಿವೃತ್ತರಾದ ಸಂಗೀತದ ಮೇಷ್ಟರ ದನಿ ಎಷ್ಟು ಶಾಲೆಗಳಲ್ಲಿ ಉಳಿದಿದೆ? ಗಮಕ ಹೇಳಿಕೊಟ್ಟ ಪಂಡಿತರ ದನಿ ಎಲ್ಲಿದೆ? ವಾರ್ಷಿಕೋತ್ಸವದ ಭಾವಚಿತ್ರಗಳು ಕಪಾಟಿನಲ್ಲಿವೆ; ಅವು ಮಾತನಾಡುವುದಿಲ್ಲ.

ದಾನಿಗಳು ಶಾಲೆಗೆ ಗಣಕಯಂತ್ರಗಳನ್ನು ಕೊಡುವುದು ಶ್ಲಾಘ್ಯ. ಆದರೆ ಇರುವ ಹತ್ತು ಯಂತ್ರಗಳ ಸಾಲಿಗೆ ಹನ್ನೊಂದನೆಯದನ್ನು ಸೇರಿಸುವ ಬದಲು, ಆ ಹಣದಲ್ಲಿ ಎರಡು ಒಳ್ಳೆಯ ಮೈಕು, ಎರಡು ಪಥಗಳ ಇಂಟರ್‌ಫೇಸು, ಒಂದು ಹೆಡ್‌ಫೋನ್, ಎರಡು ಹೊರ ಹಾರ್ಡ್ ಡಿಸ್ಕು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಒಂದು ಪೆಟ್ಟಿಗೆಯನ್ನು ಒದಗಿಸಿದರೆ ಆ ಹತ್ತರಲ್ಲೊಂದು ಯಂತ್ರ ಧ್ವನಿಭಂಡಾರವಾಗಿ ಮಾರ್ಪಡುತ್ತದೆ. ವಿಜ್ಞಾನದ ಅಧ್ಯಾಪಕರು ಕಂಪನ, ಆವೃತ್ತಿಗಳ ಪಾಠವನ್ನು ಅಲ್ಲಿಯೇ ಮಾಡಬಹುದು. ಭಾಷಾ ಅಧ್ಯಾಪಕರು ಹಾಡನ್ನು ಬರಹಕ್ಕೆ ಇಳಿಸುವುದನ್ನು ಕಲಿಸಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಗೆಯ ರಜೆಯಲ್ಲಿ ತನ್ನ ಅಜ್ಜಿಯ ಒಂದು ಹಾಡನ್ನು ತಂದರೆ ವರ್ಷದೊಳಗೆ ನೂರಾರು ಹಾಡುಗಳಾಗುತ್ತವೆ. ಮಣಿಪಾಲದ ಸಮುದಾಯ ಬಾನುಲಿಯಂತಹ ಕೇಂದ್ರಗಳು ಇರುವಾಗ ಅವು ಕೇಳುಗರನ್ನು ತಲುಪುವ ದಾರಿಯೂ ಇಲ್ಲದಿಲ್ಲ.

ಸಾಮಾನ್ಯ ಗಣಕಯಂತ್ರ ಸಂಗೀತದ ಧ್ವನಿಮುದ್ರಣವನ್ನು ನಿರ್ವಹಿಸೀತೇ ಎಂಬ ಪ್ರಶ್ನೆಗೆ ಯಂತ್ರ ಎಂದೋ ಉತ್ತರ ಕೊಟ್ಟಾಗಿದೆ. ಉತ್ತರ ಕೊಡಬೇಕಾದವರು ಇನ್ನು ಮನುಷ್ಯರು. ಎಂಬತ್ತು ದಾಟಿದ ಭಾಗವತರು, ಪಾಡ್ದನ ಬಲ್ಲ ತಾಯಂದಿರು, ನಿವೃತ್ತರಾದ ಸಂಗೀತದ ಮೇಷ್ಟರು ಇನ್ನೂ ಊರೂರಿನಲ್ಲಿದ್ದಾರೆ. ಮುಂದಿನ ಪತ್ತನಾಜೆಗೆ ಎಷ್ಟು ಮಂದಿ ಇರುವರೆಂದು ಹೇಳಬಲ್ಲವರಾರು? ಮೇಜಿನ ಮೇಲಿನ ಯಂತ್ರದ ಧೂಳನ್ನು ಒರೆಸಲು ಇಂದಿಗಿಂತ ಒಳ್ಳೆಯ ಮುಹೂರ್ತ ಬೇರೊಂದಿಲ್ಲ.